ಮುಟ್ಟಿ ನೋಡ್ರಿ, ಡಿಸ್ಕ್ ಇಲ್ಲೇ ಅದ

ಶಹಾಬಾದಿನಲ್ಲಿ ಇನ್ನೂ ನಸುಕು. ಕಲ್ಲು ಕೊಯ್ಯುವ ಯಂತ್ರಗಳು ಸದ್ದು ಶುರು ಮಾಡಿಲ್ಲ, ಆದರೆ ಅಖ್ತರ ಬೇಗಂ ಅವರ ಮನೆಯಲ್ಲಿ ಆಗಲೇ ಗದ್ದಲ. "ಯಾ ಅಲ್ಲಾ! ನಿನ್ನಿ ಸಂಜೀ ತನಕ ಇತ್ತು, ಈಗ ನೋಡಿದ್ರ ಡಿ ಡ್ರೈವೇ ಇಲ್ಲ! ಮಗಳ ಶಾದೀ ಫೋಟೊ ಎಲ್ಲಾ ಅದರಾಗೇ ಅವ," ಎಂದು ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾರೆ. ಕಂಪ್ಯೂಟರಿನ ಮುಂದೆ ಚಾಪೆ ಹಾಸಿಕೊಂಡು ಕುಳಿತ ಉದಯಕುಮಾರ ಮಾತ್ರ ಸ್ಕ್ರೂಡ್ರೈವರ್ ಎತ್ತುತ್ತಿಲ್ಲ. "ಮೊದಲ ನೀವು ಬಾಜೂ ಕುಂದ್ರಿ, ಒಂದು ತಾಟು ಹಿಡೀರಿ. ನೀವು ಕುಂತ ಮ್ಯಾಲೇ ನಾ ಪೆಟ್ಟಿಗಿ ಬಿಚ್ಚೋದು."

ಬಿಚ್ಚಿದ ಒಂದೊಂದು ಸ್ಕ್ರೂವೂ ಆಕೆಯ ತಾಟಿಗೇ ಬೀಳುತ್ತದೆ. ಮುಚ್ಚಳ ತೆಗೆದರೆ ಒಳಗೆ ಬೂದಿ ಬಳಿದಂತೆ ಕಲ್ಲಿನ ಧೂಳು. ಡಿಸ್ಕಿನ ಚಪ್ಪಟೆ ತಂತಿ ಅರ್ಧ ಹೊರಬಂದಿದೆ. ಅವನು ತಕ್ಷಣ ಸರಿ ಮಾಡುವುದಿಲ್ಲ. "ಇದೇ ನಿಮ್ಮ ಡಿಸ್ಕ್. ಎಲ್ಲೂ ಹೋಗಿಲ್ಲ. ಮುಟ್ಟಿ ನೋಡ್ರಿ," ಎನ್ನುತ್ತಾನೆ. ಬೇಗಂ ಬೆರಳ ತುದಿಯಿಂದ ಮುಟ್ಟಿ, ಸರಕ್ಕನೆ ಕೈ ಹಿಂದಕ್ಕೆಳೆಯುತ್ತಾರೆ. ತಂತಿ ಒತ್ತಿ ಚಾಲೂ ಮಾಡಿದರೆ, ಪರದೆಯ ಮೇಲೆ ಡಿ ಹಾಜರ್! "ಹಾಳಾದ್ದು, ಜೀವಾನೇ ಬಾಯಿಗಿ ಬಂದಿತ್ತು!" ಎಂದು ಬೇಗಂ ನಗುತ್ತಾರೆ.

ವಾಡಿಯ ಉದಯಕುಮಾರನದು ಕಾಗಿಣಾ ನದಿ ದಂಡೆಯ ಹಳೆಯ ಮನೆತನ. ತಂದೆ ಖಂಡಪ್ಪ ಇವತ್ತಿಗೂ ಲಾರಿಗೆ ನೆಲಕ್ಕೆ ಹಾಸುವ ಫರಸಿಕಲ್ಲು ಹೇರುತ್ತಾರೆ. ಮಗ ಹೈದರಾಬಾದಿನ ಅಂಗಡಿಯೊಂದರಲ್ಲಿ ರಿಪೇರಿ ಕಲಿತು ಬಂದಿದ್ದು ತೊಂಬತ್ತೆಂಟರಲ್ಲಿ. ಆಗಿನಿಂದ ಈ ಎರಡು ಸಾವಿರದ ಏಳರ ತನಕ ಹೆಗಲಿಗೊಂದು ಚೀಲ, ಪ್ಯಾಸೆಂಜರ್ ರೈಲು, ಅದು ತಪ್ಪಿದರೆ ಟಂಟಂ ಆಟೊ. ಚಿತ್ತಾಪುರ, ಸೇಡಂ, ಕರೆ ಬಂದರೆ ಚಿಂಚೋಳಿ. ದಿನಕ್ಕೆ ಮೂರ್ನಾಲ್ಕು ಮನೆ. ಹೊತ್ತೇರಿದರೆ ಕರೆಂಟು ಕೈಕೊಡುತ್ತದೆ, ಅದಕ್ಕೇ ಈ ನಸುಕಿನ ಓಟ. ಅರ್ಧಕ್ಕರ್ಧ ದೂರು ಒಂದೇ: ಡಿಸ್ಕ್ ಕಾಣಾಕತ್ತಿಲ್ಲ. "ಕಾಣಲಿಲ್ಲ ಅಂದ ಕೂಡಲೇ ಹೋಯ್ತು ಅಂತಾರ್ರಿ. ಭಾಳ ಸಲ ಹೋಗಿರಂಗಿಲ್ಲ, ಧೂಳಿಗಿ, ಬಾಜೂ ಹಾಯೋ ಕಲ್ಲಿನ ಲಾರಿ ನಡುಕಕ್ಕ ತಂತಿ ಸಡ್ಲಾಗಿರ್ತದ."

ಸರಿ, ತಾಟು ಯಾಕೆ? ಮುಟ್ಟಿಸುವುದು ಯಾಕೆ? ಕೇಳಿದರೆ ಅವನು ಮೊದಲು ಚೀಲದ ಬಾಯಿ ಬಿಗಿಯುತ್ತಾನೆ. ಆಮೇಲೆ ಹೇಳುತ್ತಾನೆ.

ಎರಡು ಸಾವಿರದ ಒಂದು. ಸೇಡಂನಲ್ಲಿ ಪವಮಾನ ಎಂಬ ಗುಮಾಸ್ತರ ಮನೆ. ಅವರು ಆಫೀಸಿನಲ್ಲಿದ್ದರು, ತಾಯಿ ಭಾಮಾಬಾಯಿ ಪೂಜೆಗೆ ಕುಳಿತಿದ್ದರು. ಉದಯಕುಮಾರ ಒಬ್ಬನೇ ಪೆಟ್ಟಿಗೆ ಬಿಚ್ಚಿ, ಧೂಳು ತೆಗೆದು, ಮುಚ್ಚಿ ಬಂದ. ಮರುದಿನ ವಾಡಿ ಸ್ಟೇಷನ್ನಿನಲ್ಲಿ ಹಿಂದಿನಿಂದ ಯಾರೋ ಕೊರಳಪಟ್ಟಿಗೆ ಕೈ ಹಾಕಿದರು. ನೋಡಿದರೆ ಪವಮಾನ! "ಎರಡರಾಗ ಒಂದು ಡಿಸ್ಕ್ ಕಾಣಾಕತ್ತಿಲ್ಲ, ನೀನೇ ಕದ್ದೀಯಲ್ಲೋ!" ಜನರ ನಡುವೆಯೇ ಚೀಲ ಬೋರಲು ಹಾಕಿದರು. ಗ್ರಹಚಾರ ನೋಡಿ, ಚಿತ್ತಾಪುರದ ಗಿರಾಕಿಯೊಬ್ಬರ ಹಳೆಯ ಡಿಸ್ಕ್ ಅದರಲ್ಲೇ ಇತ್ತು. "ಸಿಕ್ತು ನೋಡ್ರಿ!"

"ಕೈ ಮುಗದೆ," ಎನ್ನುತ್ತಾನೆ ಉದಯಕುಮಾರ. "ಒಮ್ಮೆ ನಿಮ್ಮ ಪೆಟ್ಟಿಗಿ ಬಿಚ್ಚಿ ನೋಡಮು ಬರ್ರಿ, ಆಮ್ಯಾಲ ಪೊಲೀಸರಿಗಿ ಕೊಡ್ರಿ ಅಂದೆ."

ಬಿಚ್ಚಿದರು. ಎರಡೂ ಡಿಸ್ಕು ಕುಳಿತ ಜಾಗದಲ್ಲೇ ಕುಳಿತಿವೆ! ಒಂದರ ತಂತಿ ಮಾತ್ರ ಕಳಚಿದೆ. ಆದರೆ ಪೆಟ್ಟಿಗೆಯ ಅಂಚುಗಳಲ್ಲಿ ನೀರಿನ ಕಲೆ ಯಾಕೆ? ಬಾಗಿಲಲ್ಲಿ ನಿಂತಿದ್ದ ಭಾಮಾಬಾಯಿ, ಒಲೆಯ ಮೇಲೆ ಅನ್ನಕ್ಕಿಟ್ಟೆ ಎಂದಷ್ಟೇ ಸಲೀಸಾಗಿ ಹೇಳಿದರು: "ನೀ ಹೋದ ಮ್ಯಾಲ ಕೆಳಗಿಳಿಸಿ ನೀರು ಚಿಮುಕಿಸಿ ಒರಸಿದೆನಪ್ಪಾ. ದೇವರಮನಿ ಬಾಜೂಕ ಅದ. ನೀ ಮುಟ್ಟಿದ್ದು ಹಂಗೇ ಇಟ್ರ ನಡೀತದೇನು?"

ಅಬ್ಬಾ! ಕರೆಂಟಿನ ಪೆಟ್ಟಿಗೆಗೆ ನೀರು! ಇಳಿಸಿ ಏರಿಸಿದ್ದಕ್ಕೇ ತಂತಿಯೂ ಕಳಚಿತ್ತು. ಆದರೆ ಉದಯಕುಮಾರನಿಗೆ ತಾಗಿದ್ದು ಆ ನೀರಲ್ಲ. "ಕಳ್ಳ ಅಂದಿದ್ದು ಪೆಟ್ಟಿಗಿ ಬಿಚ್ಚಿದ ಮ್ಯಾಲ ಸುಳ್ಳಾಯ್ತು. ಇದಕ್ಕ ನಾ ಏನು ಬಿಚ್ಚಿ ತೋರಿಸ್ಲಿ?" ಎಂದು ಕೇಳಿ, ಸೇರಿಸುತ್ತಾನೆ: "ತಂತಿ ನಾನೂ ಇನ್ನೊಂಚೂರು ಗಟ್ಟಿ ಒತ್ತಬೇಕಿತ್ತು, ಖರೇ."

ಸೇಡಂನಲ್ಲಿ ಬಹಳ ದಿನ ಅವನನ್ನು ಯಾರೂ ಕರೆಯಲಿಲ್ಲ. ಕಳ್ಳ ಎಂಬ ಮಾತು ಹಬ್ಬಿತು, ಪೆಟ್ಟಿಗೆಯಲ್ಲಿ ಡಿಸ್ಕ್ ಸಿಕ್ಕ ಸುದ್ದಿ ಮಾತ್ರ ಊರಲ್ಲಿ ಹಬ್ಬಲಿಲ್ಲ. ತಾಟು, ಮುಟ್ಟಿಸುವುದು, ಎಲ್ಲ ಆಗಿನಿಂದ.

ಹೋದ ತಿಂಗಳು ಫೋನು ಬಂತು, ಅದೂ ಭಾಮಾಬಾಯಿಯದೇ! ಮಗ ಕೆಲಸದ ಮೇಲೆ ಚಂದಾಪುರಕ್ಕೆ ಹೋಗಿದ್ದಾನೆ, ಭಜನಾ ಮಂಡಳಿಯ ಹಾಡು ತುಂಬಿದ ಡಿಸ್ಕ್ ಕಾಣುತ್ತಿಲ್ಲ, ಸಂಜೆಗೆ ಹಾಡು ಬೇಕು. "ಆ ಮನಿ ಮೆಟ್ಲು ಹತ್ತಬ್ಯಾಡ್ರಿ," ಎಂದು ಹೆಂಡತಿ ಪ್ರೀತಿ ಹಟ ಹಿಡಿದಳು. ಆದರೂ ಬೆಳಗಿನ ರೈಲಿಗೆ ಹೋದ.

ಅದೇ ದೇವರಮನೆ ಪಕ್ಕ, ಅದೇ ಮೇಜು. ಭಾಮಾಬಾಯಿ ತಾಟು ಹಿಡಿದು ಕುಳಿತರು. ಸ್ಕ್ರೂ ಬಿದ್ದವು, ಮುಚ್ಚಳ ಬಂತು. ಎಂದಿನಂತೆ ಹೇಳಿದ, "ಇದೇ ನಿಮ್ಮ ಡಿಸ್ಕ್. ಮುಟ್ಟಿ ನೋಡ್ರಿ ಅಮ್ಮಾ."

ಆಕೆ ತಾಟು ನೆಲಕ್ಕಿಟ್ಟು ಎದ್ದರು. "ನಾ ಯಾಕ ಮುಟ್ಟಲಿ? ನೀ ಮುಟ್ಟೀದಿ, ಸಾಕು. ಚಹಾ ಮಾಡ್ತೀನಿ ತಡಿ." ಒಳಗೆ ಹೋಗಿಯೇ ಬಿಟ್ಟರು. ಬಿಚ್ಚಿದ ಪೆಟ್ಟಿಗೆಯ ಮುಂದೆ ಉದಯಕುಮಾರ ಒಬ್ಬನೇ! ಅವನಿಗೆ ತಂತಿ ಒತ್ತುವುದೇ ಮರೆತುಹೋಯಿತು.

ಹಾಡು ಬಂತು, ಚಹಾ ಆಯಿತು, ಮುಂದಿನ ಬಾಗಿಲು ಮುಚ್ಚಿತು. ಅಷ್ಟಾದರೂ ಅವನು ಹೊರಡಲಿಲ್ಲವಂತೆ.

"ಚಪ್ಪಲಿ ಹಾಕ್ಕೊಳ್ಳೋ ನೆಪ ಮಾಡಿ ಕಟ್ಟಿ ಮ್ಯಾಲ ಭಾಳೊತ್ತು ಕುಂತೆ," ಎನ್ನುತ್ತಾನೆ. "ಕಿವಿ ಒಳಗೇ ಇತ್ತು. ನೀರಿನ ಸಪ್ಪಳ ಬರಲಿಲ್ಲರೀ."