ಎರಡೆರಡು ಸಲ ಓದುವ ಅಭ್ಯಾಸ

ಡಾಕ್ಟರಾಗಲು ಹೊರಟ ನನ್ನ ಮಗಳ ಜೇಬುಗಳನ್ನು ದೋಹಾದ ಪರೀಕ್ಷಾ ಕೇಂದ್ರದಲ್ಲಿ ಹೊರಗೆಳೆಸಿ ನೋಡಿದರು. ಅಂಗಿಯ ತೋಳು ಮಡಚಿಸಿದರು, ಕನ್ನಡಕ ತೆಗೆಸಿ ಅದರ ಕಡ್ಡಿಗಳನ್ನೂ ಪರೀಕ್ಷಿಸಿದರು. ಇಷ್ಟೆಲ್ಲ ಆಗಿ ಒಳಗೆ ಅವಳು ಬರೆಯಬೇಕಿದ್ದದ್ದು ಜೀವಶಾಸ್ತ್ರವೂ ಅಲ್ಲ, ರಸಾಯನಶಾಸ್ತ್ರವೂ ಅಲ್ಲ. ಇಂಗ್ಲೆಂಡಿನ ವೈದ್ಯಕೀಯ ಕಾಲೇಜುಗಳು ಕೇಳುವ ಆ ಪರೀಕ್ಷೆಯ ಮೊದಲ ಭಾಗದ ಹೆಸರು ವರ್ಬಲ್ ರೀಸನಿಂಗ್. ಯಾವುದೋ ವಿಷಯದ ಮೇಲೆ ಪುಟ್ಟ ಬರಹ ಕೊಡುತ್ತಾರೆ. ಕೆಳಗಿನ ಮಾತು ನಿಜವೋ, ಸುಳ್ಳೋ, ಬರಹದಿಂದ ಹೇಳಲಾಗದೋ ಎಂದು ಸುಮಾರು ಅರ್ಧ ನಿಮಿಷದಲ್ಲಿ ತೀರ್ಮಾನಿಸಬೇಕು. ಪುತ್ತೂರಿನ ನಮ್ಮ ಶಾಲೆಯಲ್ಲಿ ಗೊತ್ತಿದ್ದದ್ದನ್ನು ಬರೆದರೆ ಅಂಕ ಬರುತ್ತಿತ್ತು. ಇಲ್ಲಿ ಗೊತ್ತಿದ್ದದ್ದನ್ನು ಕೈಗಡಿಯಾರದ ಜೊತೆ ಹೊರಗೇ ಬಿಟ್ಟು ಹೋಗಬೇಕು.

ಮದುವೆಯಾಗಿ ನಾನು ದೋಹಾಕ್ಕೆ ಬಂದು ಇಪ್ಪತ್ತು ವರ್ಷವಾಯಿತು. ಗಂಡ ರೋಷನ್‌ಗೆ ರಾಸ್ ಲಫಾನ್‌ನ ಅನಿಲ ಘಟಕದಲ್ಲಿ ಶಿಫ್ಟ್ ಕೆಲಸ, ನನಗೆ ಅಲ್ ಥುಮಾಮಾದ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್. ಹೊರಡಿ ಎನ್ನಲು ‘ಯಲ್ಲಾ’, ಇಲ್ಲ ಎನ್ನಲು ‘ಮಾಫಿ’ ಎಂದು ಬೇಗ ಕಲಿತೆ; ನರ್ಸುಗಳಿಂದ ಮಲಯಾಳ ತಾನಾಗಿ ಬಂತು. ಹೆದರಿಸಿದ್ದು ಇಂಗ್ಲಿಷ್. ಕನ್ನಡ ಶಾಲೆಯಲ್ಲಿ ಓದಿದವಳು ನಾನು. ಸೇರಿದ ಹೊಸದರಲ್ಲಿ ಫಾರಂ ಅವಸರದಲ್ಲಿ ಓದಿ ಒಬ್ಬರ ಕಡತವನ್ನು ಇನ್ನೊಬ್ಬರ ಹೆಸರಿಗೆ ಸೇರಿಸಿಬಿಟ್ಟೆ. ಮ್ಯಾನೇಜರ್ ರೋಗಿಗಳ ಎದುರೇ ಕಿರುಚಿದ. ಅಂದಿನಿಂದ ಪ್ರತಿ ಸಾಲನ್ನೂ ಬೆರಳಿಟ್ಟು ಎರಡು ಸಲ ಓದುತ್ತೇನೆ.

ಅದನ್ನೇ ಮಗಳಿಗೂ ಕಲಿಸಿದೆ. ಇಲ್ಲೇ ಹುಟ್ಟಿದ ಅನಿಶಾಳಿಗೆ ಇಂಗ್ಲಿಷ್ ಕಲಿಯದೆ ಬಂದ ಭಾಷೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಬೆಳೆದವಳು. ಆದರೂ ಒಂದನೇ ಕ್ಲಾಸಿನಿಂದ ಪಕ್ಕದಲ್ಲಿ ಕೂತು, ಎರಡು ಸಲ ಓದಿ ಆಮೇಲೆ ಬರಿ ಎಂದು ಜೀವ ತಿಂದೆ. ಮನೆಯ ಅಭ್ಯಾಸ ಪರೀಕ್ಷೆಗಳಲ್ಲಿ ಉಳಿದ ಭಾಗಗಳೆಲ್ಲ ಸಲೀಸಾಗಿ ಮುಗಿಯುತ್ತಿದ್ದವು. ವರ್ಬಲ್ ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಹಿಂದೆ ನಿಂತು ನೋಡಿದರೆ, ಕಂಪ್ಯೂಟರಿನ ಪರದೆಯ ಮೇಲೆ ಅವಳ ಬೆರಳು ಸಾಲಿನಿಂದ ಸಾಲಿಗೆ ತೆವಳುತ್ತಿತ್ತು.

“ಬೆರಳು ತೆಗಿ ಅನಿ. ಒಂದೇ ಸಲ ಓದು.”

“ಆಗೂದಿಲ್ಲ ಮಮ್ಮಿ. ಒಂದೇ ಸಲ ಓದಿದ್ರೆ ಭಯ ಆಗ್ತದೆ,” ಎಂದಳು, ಎಂದಿನಂತೆ ಇಂಗ್ಲಿಷಿನಲ್ಲೇ.

ಆ ಭಯ ಅವಳದ್ದಲ್ಲ, ನನ್ನದು.

ದೋಹಾದ ಕೇಂದ್ರದಲ್ಲಿ ಪರೀಕ್ಷೆ ಬರೆದ ದಿನವೇ ಅಂಕ ಕೈಗೆ ಬಂತು. ಬೇರೆಲ್ಲದರಲ್ಲೂ ಚೆನ್ನಾಗಿತ್ತು, ವರ್ಬಲ್ ನೆಲಕಚ್ಚಿತ್ತು. ಅವಳು ಆಸೆಪಟ್ಟಿದ್ದ ಕಾಲೇಜಿನ ನಿಯಮ ಸ್ಪಷ್ಟ: ಒಟ್ಟು ಎಷ್ಟೇ ಇರಲಿ, ವರ್ಬಲ್ ಇಂತಿಷ್ಟಕ್ಕಿಂತ ಕಡಿಮೆಯಾದರೆ ಸಂದರ್ಶನಕ್ಕೆ ಕರೆಯುವುದಿಲ್ಲ. ಮತ್ತೆ ಬರೆಯಬೇಕಾದರೆ ಮುಂದಿನ ವರ್ಷವೇ.

“ಖಲಾಸ್, ಬಿಡು,” ಎಂದರು ರೋಷನ್ ಕಾರು ಹೊರಡಿಸುತ್ತಾ. “ನೀಟ್ ಮಾರ್ಕ್ ಉಂಟಲ್ಲ, ಮಂಗಳೂರಲ್ಲಿ ಸೀಟು ಸಿಕ್ತದೆ. ನಮ್ಮೂರೇ ಅಲ್ವಾ?”

“ನಿಮ್ಮೂರು ಪಪ್ಪಾ,” ಎಂದಳು ಅವಳು, ಕಿಟಕಿಯ ಕಡೆ ತಿರುಗಿ.

ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಪರೀಕ್ಷೆ ಮುಗಿಸಿ ಸೂಕ್ ವಾಕಿಫ್‌ನ ಪೇಟೆಯಲ್ಲಿ ಊಟ ಎಂದು ಮೊದಲೇ ಮಾತಾಗಿತ್ತು, ಹೋದೆವು. ಏನು ತಿಂದೆವೆಂದು ಈಗ ನೆನಪಿಲ್ಲ.

ಸೀಟು ಸಿಕ್ಕಿದೆ. ಅಂತೂ ಮಗಳು ಊರಿಗೆ ಬರ್ತಾಳಲ್ಲ ಎಂದು ಪುತ್ತೂರಿನಿಂದ ಫೋನು ಬರುತ್ತದೆ. ಇಲ್ಲಿ ಅವಳ ಗೆಳತಿಯರು ಅವಳು ಮನೆ ಬಿಟ್ಟು ಹೋಗುತ್ತಿದ್ದಾಳೆಂದು ಅಳುತ್ತಾರೆ. ಎರಡೂ ಕಡೆಗೆ ನಾನು ಹೌದು ಹೌದು ಎನ್ನುತ್ತೇನೆ. ನಾನು ಇಲ್ಲಿಗೆ ಬಂದಿಳಿದ ಹಾಗೆಯೇ ಅವಳು ಅಲ್ಲಿ ಇಳಿಯುತ್ತಾಳೆ, ಭಾಷೆ ಬಾರದೆ. ಅಲ್ಲಿಯ ವಾರ್ಡಿನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುವುದಿಲ್ಲ. ಹಾಗಾಗಿ ಈಗ ದಿನವೂ ಸಂಜೆ ನಮ್ಮಲ್ಲಿ ಕನ್ನಡ ಪಾಠ.

ನಿನ್ನೆ ನನ್ನನ್ನು ರೋಗಿಯೆಂದು ಕುರ್ಚಿಯಲ್ಲಿ ಕೂರಿಸಿ, ನೋಟುಪುಸ್ತಕ ಹಿಡಿದು ಎದುರು ಕೂತಳು. ನನಗೆ ಬಹುವಚನ ಹಚ್ಚಿ, ಒಂದಕ್ಷರವೂ ತಪ್ಪದೆ, ಅಪರಿಚಿತರನ್ನು ಕೇಳುವ ಹಾಗೆ ಕೇಳಿದಳು: “ನಿಮಗೆ ಎಲ್ಲಿ ನೋವು? ಯಾವಾಗಿನಿಂದ?”

ಎದೆಯ ಕಡೆ ಹೊರಟಿದ್ದ ಕೈಯನ್ನು ಕೆಳಗಿಳಿಸಿ ಮೊಣಕಾಲಿನ ಮೇಲಿಟ್ಟೆ.

“ಮೊಣಕಾಲು,” ಎಂದೆ. ಅವಳು ಬರೆದುಕೊಂಡಳು.