ಎಂಟು ಪಾಯಿಂಟ್ ಎರಡರ ಹಾಲು

ಕವಲಂದೆ ಪಕ್ಕದ ನಮ್ಮೂರಿನ ಡೇರಿಯಲ್ಲಿ ಹಾಲು ಬೇಡವೆಂದರೆ, ಸಾಲಿನಲ್ಲಿ ನಿಂತವರೆಲ್ಲರ ಕಣ್ಣೆದುರಿಗೇ ಕ್ಯಾನು ಹೊತ್ತುಕೊಂಡು ಮನೆಗೆ ವಾಪಸ್ ನಡೆಯಬೇಕು. ಯಾರೂ ಏನೂ ಕೇಳುವುದಿಲ್ಲ. ನೀರು ಬೆರೆಸಿದ್ದಾಳೆ ಅಂತ ಅವರವರೇ ತೀರ್ಮಾನ ಮಾಡಿಬಿಡುತ್ತಾರೆ.

"ಕ್ಯಾನ್ ತೊಳ್ದು ಬಿಸ್ಲಲ್ಲಿ ಬೋರಲಾಕಿ ಒಣಗಿಸ್ತೀನಿ ಕಣವ್ವ. ಒಂದ್ ತೊಟ್ಟು ನೀರಿರಕಿಲ್ಲ. ಆದ್ರೂವೆ ಆಲು ವಾಪಸ್ ಕಳಿಸ್ತಾವ್ರೆ," ಎಂದು ನನ್ನ ಸೋದರತ್ತೆ ಫೋನಿನಲ್ಲಿ ಅತ್ತುಬಿಟ್ಟಳು. ಅವಳು ಸುಲಭಕ್ಕೆ ಅಳುವವಳಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವ ಕೆಲಸ ನನ್ನದು. ರಜೆ ಹಾಕಿ ಬೆಳಗಿನ ಬಸ್ಸು ಹಿಡಿದೆ.

ಹಾಲಿನಲ್ಲಿ ನೀರು ಬಿಟ್ಟು ಉಳಿದ ಗಟ್ಟಿ ಅಂಶ ಎಷ್ಟಿದೆ ಎಂದು ಡೇರಿಯ ಯಂತ್ರ ಅಳೆಯುತ್ತದೆ. ಅಲ್ಲಿ 8.2 ಇದ್ದರೆ ಸಾಕು, ಹಾಲು ತೆಗೆದುಕೊಳ್ಳಬೇಕು. ನನ್ನ ಕಣ್ಣೆದುರಿಗೇ ಅತ್ತೆಯ ಹಾಲಿಗೆ ಯಂತ್ರ 8.2 ತೋರಿಸಿತು. ಪಕ್ಕದ ಕಂಪ್ಯೂಟರೂ 8.2 ಎಂದೇ ತೋರಿಸಿ, ಅದರ ಕೆಳಗೆ ಕೆಂಪಕ್ಷರದಲ್ಲಿ 'ಕಡಿಮೆ' ಎಂದಿತು.

"ಇದೇನ್ ಸಾರ್, ಎರಡೂ ಕಡೆ ಎಂಟು ಪಾಯಿಂಟ್ ಎರಡೇ ಇದೆಯಲ್ಲ?" ಎಂದೆ.

"ಕಂಪ್ಯೂಟರ್ ಬ್ಯಾಡ ಅಂದ್ಮೇಲೆ ನಾನೇನ್ ಮಾಡ್ಲಿ? ಅದೇನ್ ಸುಳ್ಳೇಳ್ತದಾ?" ಎಂದರು ಡೇರಿಯ ಸೆಕ್ರೆಟರಿ.

ಅದು ಸುಳ್ಳು ಹೇಳಿರಲಿಲ್ಲ, ಅದೇ ಕರ್ಮ. ಯಂತ್ರದ ಪ್ರೋಗ್ರಾಂ ಒಂದು ಭಾಷೆಯದು, ಕಂಪ್ಯೂಟರಿನದು ಇನ್ನೊಂದರದು. ದಶಮಾಂಶವನ್ನು ಯಂತ್ರ ಮೂವತ್ತೆರಡು ಬಿಟ್‌ನಷ್ಟು ಜಾಗದಲ್ಲಿ ಇಟ್ಟುಕೊಳ್ಳುತ್ತಿತ್ತು, ಕಂಪ್ಯೂಟರ್ ಅರವತ್ನಾಲ್ಕರಲ್ಲಿ, ಅಂದರೆ ಇನ್ನೂ ಸೂಕ್ಷ್ಮವಾಗಿ. 8.2 ಎರಡರಲ್ಲೂ ಕರಾರುವಾಕ್ಕಾಗಿ ಕೂರುವುದಿಲ್ಲ. ಯಂತ್ರ ಕಳಿಸಿದ ಸಂಖ್ಯೆಯನ್ನು ಪೂರ್ತಿ ಬಿಡಿಸಿ ನೋಡಿದರೆ 8.1999998! ತೆರೆಯ ಮೇಲೆ ದಶಮಾಂಶದ ಒಂದೇ ಸ್ಥಾನ ತೋರಿಸುತ್ತಿದ್ದರಿಂದ ಎಲ್ಲರಿಗೂ 8.2 ಕಾಣುತ್ತಿತ್ತು. ಹೋಲಿಸುವಾಗ ಮಾತ್ರ ಕಂಪ್ಯೂಟರಿಗೆ ಆ ಕೂದಲೆಳೆಯಷ್ಟು ಕೊರತೆ ಕಾಣುತ್ತಿತ್ತು. 8.3 ಇದ್ದವರಿಗೆ ಏನೂ ತೊಂದರೆಯಿಲ್ಲ. ಅತ್ತೆಯ ಹಸುವಿನ ಹಾಲು ಸರಿಯಾಗಿ ಗಡಿಯ ಮೇಲೇ ನಿಂತಿತ್ತು.

ಕಂಪ್ಯೂಟರಿನ ಪ್ರೋಗ್ರಾಂ ಬರೆದವನಿಗೆ ಫೋನ್ ಮಾಡಿದೆ. ತಪ್ಪು ಯಂತ್ರದವರದು ಎಂದ.

"ಯಾರದಾದರೂ ಆಗಲಿ ಮಾರಾಯ. ಬಂದ ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ಹತ್ತಿರದ ಪೂರ್ಣಾಂಕಕ್ಕೆ ತಂದು, 82ರ ಜೊತೆ ಹೋಲಿಸು. ದಶಮಾಂಶವನ್ನು ಸುಮ್ಮನೆ ಕತ್ತರಿಸಿಬಿಟ್ಟೀಯ, 81 ಆಗುತ್ತೆ. ಆಮೇಲೆ ನಮ್ಮತ್ತೆಗೆ ನೀನೇ ಉತ್ತರ ಹೇಳು!" ಎಂದು ಗದರಿದೆ. ಗೊಣಗುತ್ತಲೇ ಅಲ್ಲಿಂದಲೇ ಬದಲಾಯಿಸಿದ.

ಸಂಜೆಯ ಹಾಲೂ 8.2 ಬಂತು. ಈ ಸಲ ಹಸಿರು ಅಕ್ಷರ. ಸೆಕ್ರೆಟರಿ ಹಾಲು ಸುರಿದುಕೊಂಡು ಖಾಲಿ ಕ್ಯಾನನ್ನು ಮುಂದೆ ತಳ್ಳಿದರು. ಅತ್ತೆ ಕದಲಲಿಲ್ಲ.

"ಹಾಲು ಪಾಸಾಯ್ತಲ್ಲ, ಬಾ ಅತ್ತೆ," ಎಂದೆ.

"ಆಲು ಪಾಸಾಯ್ತು. ನಾನು?"

ಸೆಕ್ರೆಟರಿ ನನ್ನ ಮುಖ ನೋಡಿದರು, ಸಾಲಿನ ಕಡೆ ನೋಡಿದರು. ಕೊನೆಗೆ ಎದ್ದು ನಿಂತು, "ತಪ್ಪು ಕಂಪ್ಯೂಟರ್ದು ಕಣ್ರಪ್ಪ. ಈಯಮ್ಮ ನೀರ್ ಬೆರ್ಸಿರ್ನಿಲ್ಲ," ಎಂದರು.

"ಇಂದ್ಗಡೆ ನಿಂತವ್ರಿಗೆ ಕೇಳಿಸ್ನಿಲ್ಲ," ಎಂದಳು ಅತ್ತೆ. "ಜೋರಾಗಿ ಏಳಿ."