ನೀರಿನ ಜತೆ ಕೊಡಬೇಕಾದ ಪುಡಿ

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಮೂಡುಬಿದಿರೆಯ ನನ್ನ ತವರಿನಲ್ಲಿ ಅಮ್ಮ ತೀರಿಕೊಂಡಿದ್ದರಿಂದ ಕಕ್ಕಿಂಜೆಯ ಗಂಡನ ಮನೆಯಲ್ಲೇ ಹೆತ್ತೆ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹೆರಿಗೆಯೇನೋ ಸುಸೂತ್ರವಾಯಿತು, ಕಷ್ಟ ಶುರುವಾದದ್ದು ಆಮೇಲೆ. ನಮ್ಮಲ್ಲಿ ಆಗ ಬಾಣಂತಿಗೆ ನೀರು ಕೊಡುತ್ತಿರಲಿಲ್ಲ. ಮೀಯಲು ಹಂಡೆಗಟ್ಟಲೆ ಬಿಸಿನೀರು ಹೊಯ್ಯುತ್ತಿದ್ದರು, ಕುಡಿಯಲು ಮಾತ್ರ ಒಂದು ಗುಟುಕೂ ಇಲ್ಲ. ಒಣ ಅನ್ನ, ಅದರ ಮೇಲೆ ಒಂದಿಷ್ಟು ಕರಿಮೆಣಸಿನ ಸಾರು, ಸಣ್ಣ ಲೋಟದಲ್ಲಿ ಕಷಾಯ, ಮುಗಿಯಿತು. ಮೀಯುವಾಗ ತಲೆಯಿಂದ ಇಳಿದ ನೀರು ತುಟಿಗೆ ಬಂದರೆ ನೆಕ್ಕಿಕೊಳ್ಳುತ್ತಿದ್ದೆ. ಹೇಳಲು ನಾಚಿಕೆಯೇನಿಲ್ಲ, ಅಷ್ಟು ಬಾಯಾರಿಕೆ.

ನನ್ನ ಬಾಯಾರಿಕೆ ಹಾಳಾಗಿ ಹೋಗಲಿ, ಎದೆಹಾಲು ಬತ್ತುತ್ತ ಬಂತು. ಹೆಣ್ಣು ಕೂಸು ಚೀಪಿ ಚೀಪಿ ಅತ್ತು, ಆಮೇಲೆ ಅಳುವುದನ್ನೂ ಬಿಟ್ಟಿತು. ಇದು ಉಳಿಯುವುದಿಲ್ಲ ಎಂಬ ಭಯ ನನ್ನನ್ನು ತಿನ್ನುತ್ತಿತ್ತು. ಅತ್ತೆಯನ್ನು ಬೇಡಿಕೊಂಡರೆ ಒಂದೇ ಮಾತು: "ನೀರು ಕುಡಿದ್ರೆ ಸನ್ನಿ ಹಿಡೀತದೆ. ನಾವೆಲ್ಲ ಹೆತ್ತದ್ದು ಹೀಗೇ." ಗಂಡನಿಗೆ ಹೇಳುವ ಎಂದರೆ ಆ ಮಹಾರಾಯರು ಬಾಣಂತಿ ಕೋಣೆಯ ಹೊಸಿಲು ದಾಟುವವರಲ್ಲ.

ಆಗ ಬೆಳ್ತಂಗಡಿಯಿಂದ ಒಬ್ಬರು ನರ್ಸಮ್ಮ ಬಸ್ಸಿನಲ್ಲಿ ಬಂದು, ಮನೆಮನೆಗೆ ನಡೆದು ಬಾಣಂತಿಯರನ್ನು ನೋಡುತ್ತಿದ್ದರು. ಅವರು ನಮ್ಮಲ್ಲಿಗೂ ಬಂದರು. ಅತ್ತೆ ಮಣೆ ಹಾಕಿ, ತುಳು ಬಿಟ್ಟು ಶಾಲೆಯ ಕನ್ನಡದಲ್ಲಿ "ಬನ್ನಿ, ಕುಳಿತುಕೊಳ್ಳಿ" ಎಂದು ಉಪಚರಿಸಿದರು. ನರ್ಸಮ್ಮ ನನ್ನ ಒಡೆದ ತುಟಿ ನೋಡಿದರು, ಕೂಸಿನ ಚರ್ಮವನ್ನು ಮೆಲ್ಲಗೆ ಚಿವುಟಿ ನೋಡಿದರು.

"ಇವಳಿಗೆ ನೀರು ಕೊಡಿ ಅಮ್ಮ. ಇಲ್ಲದಿದ್ರೆ ಹಾಲು ಎಲ್ಲಿಂದ ಬರಬೇಕು?"

"ಅದೊಂದು ಆಗುವುದಿಲ್ಲ," ಎಂದರು ಅತ್ತೆ. "ಬೇರೆ ಮದ್ದು ಉಂಟಾದರೆ ಕೊಡಿ."

ನರ್ಸಮ್ಮ ಜಗಳಕ್ಕೆ ನಿಲ್ಲಲಿಲ್ಲ. ಸ್ವಲ್ಪ ಯೋಚಿಸಿ ಚೀಲದಿಂದ ಬಿಳಿ ಪುಡಿಯ ಪೊಟ್ಟಣಗಳನ್ನು ತೆಗೆದರು. "ಮದ್ದು ಉಂಟು. ಆದ್ರೆ ಬಹಳ ಉಷ್ಣದ್ದು. ಕೊಡುವಾಗೆಲ್ಲ ಒಂದು ಚೆಂಬು ಕುದಿಸಿ ಆರಿಸಿದ ನೀರು ಕುಡಿಸ್ಲೇಬೇಕು. ಇಲ್ಲದಿದ್ರೆ ಹೊಟ್ಟೆ ಸುಡ್ತದೆ."

ಬಾಣಂತಿಗೆ ಬೇಕಾದದ್ದೇ ಉಷ್ಣ. ಆ ಮಾತು ಅತ್ತೆಗೆ ಹಿಡಿಸಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಹೊತ್ತು ತಪ್ಪಿಸದೆ ಪುಡಿ ಕೊಟ್ಟರು, ಹಿಂದೆಯೇ ಚೆಂಬು ಕೊಟ್ಟರು. ಮೊದಲ ಚೆಂಬು ಕುಡಿಯುವಾಗ ನಾನು ಅತ್ತುಬಿಟ್ಟೆ. ಪುಡಿ ಸಿಹಿಯಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನಾನೇನು ಪೆದ್ದಿಯೇ? ಮುಖ ಕಿವುಚಿ, ಕಹಿ ಎಂದೆ. ದಿನ ಕಳೆದಂತೆ ಎದೆಗೆ ಹಾಲು ಇಳಿಯಿತು, ಕೂಸು ಊರಿಗೆಲ್ಲ ಕೇಳುವ ಹಾಗೆ ಅಳತೊಡಗಿತು.

ಕೆಲವು ವರ್ಷಗಳ ಮೇಲೆ ನಾದಿನಿ ಹೆರಿಗೆಗೆಂದು ಬಂದಳು. ಹೆತ್ತ ದಿನವೇ ಅತ್ತೆ ಮಗಳ ತಲೆದಿಂಬಿನ ಹತ್ತಿರ ಒಂದು ಚೆಂಬು ನೀರು ತಂದಿಟ್ಟರು. ಪುಡಿಯಿಲ್ಲ, ಪೊಟ್ಟಣವಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹಿಂದೆಯೇ ಅಡುಗೆಮನೆಗೆ ಹೋಗಿ ಕೇಳಿಯೇಬಿಟ್ಟೆ.

"ಮಗಳಿಗಾದ್ರೆ ಬರೀ ನೀರು ಆಗ್ತದಾ? ಸನ್ನಿ ಹಿಡಿಯುವುದು ಸೊಸೆಗೆ ಮಾತ್ರವಾ?"

ಅತ್ತೆ ಒಲೆಯ ಕಟ್ಟಿಗೆ ಮುಂದೆ ದೂಡಿದರು. "ಆ ಪುಡಿ ಮದ್ದಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ನಿನಗೆ ಕೊಡುವ ಮೊದಲು ನೆಕ್ಕಿ ನೋಡಿದ್ದೆ."

"ಮತ್ತೆ ಮೊದಲೇ ನೀರು ಕೊಡ್ಲಿಕ್ಕೆ ಏನಾಗಿತ್ತು ನಿಮಗೆ?"

ಅತ್ತೆ ಕೈಯ ಬೂದಿಯನ್ನು ಸೆರಗಿಗೆ ಒರೆಸಿಕೊಂಡರು.

"ನನ್ನ ಮೊದಲಿನ ಕೂಸು ಹಾಲಿಲ್ಲದೆ ಹೋದದ್ದು," ಎಂದರು. "ದೇವರು ಕೊಂಡುಹೋದ ಅಂತ ಸಮಾಧಾನ ಮಾಡ್ಕೊಂಡಿದ್ದೆ. ನಿನಗೆ ಬರೀ ನೀರು ಕೊಟ್ಟು ಹಾಲು ಬಂದ್ರೆ, ಮತ್ತೆ ನಾನು ಏನಂತ ಸಮಾಧಾನ ಮಾಡಿಕೊಳ್ಳುವುದು, ಹೇಳು?"